ಹತ್ತು ಡಬ್ಬಿ, ಒಂದೇ ನಂಬರು

ರೈಲ್ವೆ ಗೇಟು ಬಿದ್ದಾಗ ಬೈಕಿನವರು ಬೈಯುತ್ತಾರೆ, ಕಾರಿನವರು ಮೊಬೈಲ್ ತೆಗೆಯುತ್ತಾರೆ, ನಾನು ಎಣಿಸುತ್ತೇನೆ. ಹೊಸಪೇಟೆಯಲ್ಲಿ ಹೈಸ್ಕೂಲಿಗೆ ಹೋಗುವಾಗ ಅಂಟಿದ ಚಟ ಇದು. 2005ರ ಆಸುಪಾಸು, ಅದಿರಿಗೆ ಎಲ್ಲಿಲ್ಲದ ಬೆಲೆ ಬಂದಿದ್ದ ಕಾಲ. ಬೆಳಿಗ್ಗೆ ಗೇಟಿಗೆ ಬಂದರೆ ಅದಿರಿನ ಗಾಡಿ ಅಡ್ಡ. ಎಣಿಸುತ್ತ ನಿಂತರೆ ಹೆಚ್ಚಾಗಿ 58 ಡಬ್ಬಿ, ಕೊನೆಗೊಂದು ಗಾರ್ಡ್ ಡಬ್ಬಿ. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ಹೋಯ್ತು. ಗಾರ್ಡ್ ಕೈ ಬೀಸಿದರೆ ಮಾತ್ರ, ಸ್ಕೂಲಿಗೆ ತಡವಾಗಿ ಹೋಗಿ ಬೈಸಿಕೊಂಡರೂ ಆ ದಿನ ಒಳ್ಳೇ ದಿನವೇ.

ಈಗ ಬೆಂಗಳೂರಿನ ಬಾಡಿಗೆ ಮನೆಯ ಹಾಲಿನಲ್ಲಿ ಒಂದು ಪ್ಲೈವುಡ್ ಹಲಗೆ ಇದೆ. ಅದರ ಮೇಲೆ ಹಳಿ, ಹಳಿಯ ಮೇಲೆ ಪುಟ್ಟ ರೈಲು. ಎಚ್‌ಒ ಅಳತೆಯದು, ಅಂದರೆ ನಿಜವಾದ ರೈಲಿನ 87ನೇ ಒಂದು ಪಾಲು. ಅದಿರು ಹೊರುವ ಬಾಕ್ಸ್‌ಎನ್ ಡಬ್ಬಿ ಹತ್ತೂಮುಕ್ಕಾಲು ಮೀಟರ್ ಉದ್ದ. ನನ್ನ ಹಲಗೆಯ ಮೇಲೆ ಅದು ಸುಮಾರು 12 ಸೆಂಟಿಮೀಟರ್, ಅರ್ಧ ಗೇಣು. 58 ಡಬ್ಬಿ ಜೋಡಿಸಿದರೆ ಏಳು ಮೀಟರ್ ದಾಟುತ್ತದೆ. ಅಡುಗೆಮನೆಯಿಂದ ಬಾಲ್ಕನಿಗೆ. ಹಾಗಾಗಿ ಹತ್ತಕ್ಕೆ ಸಮಾಧಾನ ಮಾಡಿಕೊಳ್ಳೋಣ ಅಂದುಕೊಂಡೆ.

ಆದರೆ ಗೂಡ್ಸ್ ಡಬ್ಬಿ ಮಾಡುವವರು ಯಾರು? ನಮ್ಮ ದೇಶದ ರೈಲಿನ ಮಾದರಿ ಮಾಡುವವರೇ ಬೆರಳೆಣಿಕೆ. ಅವರಿಗೂ ಪ್ಯಾಸೆಂಜರ್ ಗಾಡಿ ಮೇಲೇ ಪ್ರೀತಿ. ರಾಜಧಾನಿ ಬರುತ್ತದೆ, ಶತಾಬ್ದಿ ಬರುತ್ತದೆ. ಒಂದೇ ಇಂಜಿನ್ ನಾಲ್ಕು ಶೆಡ್ಡಿನ ನಾಲ್ಕು ಬಣ್ಣದಲ್ಲಿ ಬರುತ್ತದೆ. ನಿಜವಾದ ರೈಲ್ವೆಯ ಹೊಟ್ಟೆ ತುಂಬಿಸುವುದು ಗೂಡ್ಸ್ ಗಾಡಿ ಕಣ್ರೀ, ಸಂಪಾದನೆಯಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಅದರದ್ದು. ಮಾದರಿ ಲೋಕದಲ್ಲಿ ಮಾತ್ರ ಅದು ಮದುವೆ ಮನೆಯ ಸಾಮಾನಿನ ಆಟೋ. ಇರಲೇಬೇಕು, ಫೋಟೋದಲ್ಲಿ ಬೇಡ.

ಎರಡು ವರ್ಷ ಕಾದ ಮೇಲೆ ಒಂದು ಕಂಪನಿ ಬಾಕ್ಸ್‌ಎನ್ ತಂದಿತು. ಹೆಸರು ಬೇಡ ಬಿಡಿ, ಮುಂದೆಯೂ ಅವರ ಹತ್ತಿರವೇ ಕೊಳ್ಳಬೇಕಲ್ಲ. ಹತ್ತು ಡಬ್ಬಿ ಒಟ್ಟಿಗೆ ತರಿಸಿದೆ. ಎಷ್ಟು ಕೊಟ್ಟೆ ಅಂತ ಮನೆಯಲ್ಲಿ ಹೇಳಿದ ಲೆಕ್ಕ ಬೇರೆ. ಜೋಡಿಸಿ ಒಂದು ಸುತ್ತು ಓಡಿಸಿದೆ. ಚೆನ್ನಾಗಿಯೇ ಓಡಿತು. ಏನೋ ಸರಿ ಇಲ್ಲ ಅನ್ನಿಸಿ ಕೆನ್ನೆ ಹಲಗೆಗೆ ಆನಿಸಿ ನೋಡಿದೆ. ಹತ್ತೂ ಡಬ್ಬಿಗೆ ಒಂದೇ ನಂಬರು!

ಗೂಡ್ಸ್ ಡಬ್ಬಿಯ ಮೈಮೇಲೆ ಹನ್ನೊಂದು ಅಂಕಿ ಇರುತ್ತವೆ. ಮೊದಲೆರಡು ಅದು ಯಾವ ಜಾತಿಯ ಡಬ್ಬಿ ಅಂತ ಹೇಳುತ್ತವೆ, ಮುಂದಿನೆರಡು ಯಾವ ರೈಲ್ವೆಯದು ಅಂತ, ಆಮೇಲಿನೆರಡು ಹುಟ್ಟಿದ ವರ್ಷ. ಅದರ ಮುಂದಿನ ನಾಲ್ಕು ಆ ಡಬ್ಬಿಯ ಸ್ವಂತದ್ದು. ಕೊನೆಯದೊಂದು, ಮೊದಲ ಹತ್ತನ್ನು ಗುಣಿಸಿ ಕೂಡಿಸಿ ತಾಳೆ ನೋಡಲಿಕ್ಕೆ. ಅಂದರೆ ನನ್ನ ಹಲಗೆಯ ಮೇಲೆ ಹತ್ತು ಡಬ್ಬಿ ಓಡುತ್ತಿಲ್ಲ. ಒಂದೇ ಡಬ್ಬಿ ಹತ್ತು ಸಲ ಓಡುತ್ತಿದೆ.

"ಯಾರು ನೋಡ್ತಾರೆ ರೀ ಅದನ್ನ?" ಅಂದಳು ಹೆಂಡತಿ. ಇದಕ್ಕೆ ಉತ್ತರ ಇಲ್ಲ. ನಾನು ನೋಡುತ್ತೇನಲ್ಲ.

ಕಿವಿಗೆ ಹಾಕುವ ಬಡ್ಸ್‌ಗೆ ಥಿನ್ನರ್ ಅದ್ದಿ ಒಂದು ಅಂಕಿ ಉಜ್ಜಿದೆ. ಅಂಕಿಯ ಜೊತೆ ಕೆಳಗಿನ ಬಣ್ಣವೂ ಎದ್ದು ಬಂತು. ಅಂಕಿಯೋ, ಜೀರಿಗೆ ಕಾಳಿಗಿಂತ ಸಣ್ಣದು. ಮೂರು ಸೊನ್ನೆ ನಂಬರಿನ ಅತಿ ಸಣ್ಣ ಬ್ರಶ್ ಹಿಡಿದು, ಉಸಿರು ಬಿಗಿಹಿಡಿದು 4 ಇದ್ದದ್ದನ್ನು 7 ಮಾಡಿದೆ. ರಾತ್ರಿ ಹನ್ನೊಂದೂವರೆಗೆ ನೆನಪಾಯಿತು: ಒಳಗಿನ ಒಂದು ಅಂಕಿ ಬದಲಾದರೆ ತಾಳೆಯ ಅಂಕಿಯೂ ಬದಲಾಗಬೇಕು. ಮತ್ತೆ ಬಡ್ಸ್, ಮತ್ತೆ ಥಿನ್ನರ್. ಹೀಗೆ ಒಂಬತ್ತು ಡಬ್ಬಿ.

ಅದಿರಿನ ಕತೆ ಇನ್ನೊಂದು. ಡಬ್ಬಿಯ ಜೊತೆ ತುಂಬಲು ಪ್ಲಾಸ್ಟಿಕ್ಕಿನ ಕೆಂಪು ಅದಿರು ಕೊಟ್ಟಿದ್ದಾರೆ, ಅಂಚಿನ ಮೇಲೆ ಗೋಪುರದ ಹಾಗೆ. ಹೊಸಪೇಟೆ ಗೇಟಿನಲ್ಲಿ ನಿಂತ ಯಾವ ಹುಡುಗನೂ ಇದನ್ನು ಒಪ್ಪುವುದಿಲ್ಲ. ಬಾಕ್ಸ್‌ಎನ್ ಒಳಗೆ ಜಾಗ 56 ಘನ ಮೀಟರ್, ಹೊರುವುದು ಸುಮಾರು 58 ಟನ್. ಕಲ್ಲಿದ್ದಲಾದರೆ ಅಂಚಿನವರೆಗೂ ಬರುತ್ತದೆ. ಅದಿರು ಭಾರ, ಅರ್ಧ ಡಬ್ಬಿಗೂ ಮೊದಲೇ ತೂಕ ಮುಗಿಯುತ್ತದೆ. ಕೆಳಗೆ ನಿಂತವರಿಗೆ ಡಬ್ಬಿ ಖಾಲಿಯೇ ಅನ್ನಿಸಬೇಕು. ಹೋದ ದಸರೆಗೆ ಊರಿಗೆ ಹೋದಾಗ ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಕೆಂಪು ಧೂಳು ತಂದೆ. ಗೋಪುರ ಕಿತ್ತೆಸೆದು, ತಳಕ್ಕೆ ಫೆವಿಕಾಲ್ ಸವರಿ, ಆ ಧೂಳು ಉದುರಿಸಿದೆ. ಉಳಿದದ್ದನ್ನು ಹೊರಮೈಗೆ ಬೆರಳಿನಿಂದ ತಿಕ್ಕಿದೆ. ಆಗ ನೋಡಿ, ಡಬ್ಬಿ ನಮ್ಮೂರಿನದಾಯಿತು. ಸೋಫಾ ಕೂಡ.

ಎಲ್ಲದಕ್ಕೂ ಜಗಳ ತೆಗೆಯುವವನಲ್ಲ ನಾನು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಲೆಕ್ಕದ ಪ್ರಕಾರ ಪುಟ್ಟ ಹಳಿಗಳ ನಡುವೆ 19 ಮಿಲಿಮೀಟರಿಗಿಂತ ಚೂರು ಜಾಸ್ತಿ ಇರಬೇಕು. ಅಂಗಡಿಯಲ್ಲಿ ಸಿಗುವುದು 16.5, ವಿದೇಶಿ ರೈಲಿನ ಅಳತೆ. ಪಂಚೆ ಉಡುವವನಿಗೆ ಪೆನ್ಸಿಲ್ ಪ್ಯಾಂಟ್ ತೊಡಿಸಿದ ಹಾಗೆ. ಅದನ್ನೂ ಸಹಿಸಿಕೊಂಡಿದ್ದೇನೆ. ನನ್ನ ಜಗಳ ನಂಬರಿನದು. ಅಮೆರಿಕದ ಮಾದರಿಗಳಲ್ಲಿ ಒಂದೇ ಬಾಕ್ಸ್‌ಕಾರ್, ಅಂದರೆ ಮುಚ್ಚಿದ ಗೂಡ್ಸ್ ಡಬ್ಬಿ, ಮೂರು, ಆರು ಬೇರೆ ಬೇರೆ ನಂಬರಿನಲ್ಲಿ ಸಿಗುವುದುಂಟು. ಹಾಗಂತ ಅಲ್ಲಿನವರ ಗೋಳು ಮುಗಿದಿಲ್ಲ. ಈ ರೈಲ್ವೆ ಕಂಪನಿ ಇಂಥ ಡಬ್ಬಿ ಓಡಿಸಿಯೇ ಇಲ್ಲ, ಅವರ ಬಣ್ಣ ಯಾಕೆ ಬಳಿದಿರಿ ಅಂತ ಅವರದ್ದು ಬೇರೆ ತಕರಾರು.

ನನಗೆ ಬೇಕಾಗಿದ್ದು ಇನ್ನೊಂದೇ, ಗಾರ್ಡ್ ಡಬ್ಬಿ. ನಾಲ್ಕು ಚಕ್ರದ್ದು, ಕೈ ಬೀಸಲು ಜಾಗ ಇರುವಂಥದ್ದು. 2022ರಿಂದ ಗಾರ್ಡ್ ಅನ್ನಬಾರದಂತೆ, ಟ್ರೈನ್ ಮ್ಯಾನೇಜರ್ ಅನ್ನಬೇಕಂತೆ. ಮ್ಯಾನೇಜರ್ ಕೈ ಬೀಸುತ್ತಾರಾ? ಕಂಪನಿಗೆ ಫೋನ್ ಮಾಡಿದೆ. "ಅದಕ್ಕೆ ಡಿಮ್ಯಾಂಡ್ ಇಲ್ಲ ಸರ್" ಅಂದರು. ನಾನು ಮಾಡಿದ್ದು ಡಿಮ್ಯಾಂಡ್ ಅಲ್ವಾ ಅಂತ ಕೇಳಿದೆ. ಸುಮ್ಮನಾದರು.

ಕೊನೆಗೆ ಯಾರದೋ ಮದುವೆ ಕಾರ್ಡು ಕತ್ತರಿಸಿ ನಾನೇ ಮಾಡಿದೆ. ಒಳಗೋಡೆಯ ಮೇಲೆ ಈಗಲೂ "ಆಗಮಿಸಿ ಆಶೀರ್ವದಿಸಬೇಕಾಗಿ" ಅಂತ ಓದಬಹುದು. ಮಗಳು ನೆಲದ ಮೇಲೆ ಕೂತು ಎಣಿಸುತ್ತಾಳೆ, ಹತ್ತು ಮುಗಿದ ಕೂಡಲೇ ಕಾರ್ಡಿನ ಡಬ್ಬಿಗೆ ಕೈ ಬೀಸುತ್ತಾಳೆ.

ಹೋದ ವಾರ ಕಂಪನಿಯವರದ್ದೇ ವಾಟ್ಸಾಪ್ ಬಂತು. "ಸರ್, ಹೊಸ ಡಬ್ಬಿ ಬಂದಿದೆ." ನೋಡಿದರೆ ಅದೇ ಹಳೇ ಬಾಕ್ಸ್‌ಎನ್, ಈಗಿನ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಯ ಬೆಳ್ಳಿ ಬಣ್ಣದಲ್ಲಿ. ನಿಜವಾದ ಸ್ಟೀಲ್ ಡಬ್ಬಿ ಇನ್ನೂ ಸ್ವಲ್ಪ ಉದ್ದ, ಅದರ ಮೈಕಟ್ಟೇ ಬೇರೆ. ಸಿಟ್ಟು ಬಂತು. ಉದ್ದಕ್ಕೆ ಒಂದು ಉತ್ತರ ಟೈಪ್ ಮಾಡಿದೆ. ಕಳಿಸುವ ಮೊದಲು ಫೋಟೋ ದೊಡ್ಡದು ಮಾಡಿ ನೋಡಿದೆ.

ನಂಬರು ಬೇರೆ ಇತ್ತು. ಎರಡು ಆರ್ಡರ್ ಮಾಡಿದೆ.