ಗುಡಿ ನೋಡಿ ಬಂದರೆ ಸಮೀಕ್ಷೆ ಆಗೋದಿಲ್ಲ, ಹೊಲ ತುಳೀಬೇಕು

ನಮ್ಮ ಕಡೆ (ಕಲಬುರಗಿ, ಯಾದಗಿರಿ, ಬೀದರ ಜಿಲ್ಲೆ) ಪೇಪರಿನಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ: ಇಂಥ ಊರಲ್ಲಿ ರಾಷ್ಟ್ರಕೂಟರ ಕಾಲದ ಶಾಸನ ಪತ್ತೆ. ಫೋಟೊದಲ್ಲಿ ಕಲ್ಲು, ಕಲ್ಲಿನ ಎಡಬಲಕ್ಕೆ ನಾಲ್ಕು ಜನ. ಆ ಕಲ್ಲು ಮೊದಲು ಎಲ್ಲಿತ್ತು, ಸುತ್ತಲಿನ ಹೊಲದಲ್ಲಿ ಏನು ಬಿದ್ದಿದೆ, ಆಗಿನ ಊರು ಈಗಿನ ಜಾಗದಲ್ಲೇ ಇತ್ತೋ ಹಳ್ಳದ ಆಚೆ ದಂಡೆಗೆ ಇತ್ತೋ, ಒಂದೂ ಇರೋದಿಲ್ಲ. ಗುಡಿ ಮತ್ತು ಶಾಸನಗಳ ಪಟ್ಟಿಯನ್ನೇ ನಾವು ಪುರಾತತ್ವ ಸಮೀಕ್ಷೆ ಅಂತ ಕರೆಯುತ್ತ ಬಂದಿದ್ದೇವೆ. ಇದಕ್ಕೆ ನನ್ನ ತಕರಾರಿದೆ.

ಚಿತ್ತಾಪುರ ತಾಲೂಕಿನ ನಾಗಾವಿಯನ್ನೇ ತಗೊಳ್ಳಿ. 1058ರ ಶಾಸನದಿಂದ ಅಲ್ಲಿನ ಘಟಿಕಾಸ್ಥಾನದಲ್ಲಿ (ಆಗಿನ ವಿದ್ಯಾಕೇಂದ್ರ) ಆರು ಜನ ಸರಸ್ವತೀ ಭಂಡಾರಿಗರಿದ್ದರು ಅನ್ನೋದು ಗೊತ್ತು. ಗ್ರಂಥ ಕಾಯುವವರ ಲೆಕ್ಕ ಸಿಕ್ಕಿತು, ಅವರಿಗೆ ಜೋಳ ಬೆಳೆದು ಕೊಟ್ಟವರ ಮನೆಗಳು ಯಾವ ದಿಬ್ಬದ ಮೇಲಿದ್ದವು? ರಾಷ್ಟ್ರಕೂಟರ ರಾಜಧಾನಿ ಮಳಖೇಡವೂ ಹಾಗೇ. 972ರಲ್ಲಿ ಪರಮಾರ ದೊರೆ ಸೀಯಕ ಬಂದು ಸೂರೆ ಮಾಡಿದ್ದು ಎಲ್ಲರ ಬಾಯಲ್ಲಿದೆ. ನೋಡಹೋದವರು ಕೋಟೆಯೊಳಗೆ ಹೊಕ್ಕು ಹೊರಬರುತ್ತಾರೆ. ಇವತ್ತು ನಿಂತಿರುವ ಕೋಟೆಗೆ ನಂತರದ ಶತಮಾನಗಳ ಕೆಲಸವೂ ಸೇರಿದೆ. ಅಷ್ಟು ದೊಡ್ಡ ರಾಜಧಾನಿಗೆ ಕಾಳು, ಎಣ್ಣೆ, ಉರುವಲು ಬರುತ್ತಿದ್ದ ಹಳ್ಳಿಗಳು ಕಾಗಿಣಾ ದಂಡೆಗುಂಟ ಎಲ್ಲೆಲ್ಲಿದ್ದವು ಅನ್ನೋದಕ್ಕೆ ಉತ್ತರ ಗೋಡೆಯಲ್ಲಿಲ್ಲ, ಹೊಲದಲ್ಲಿದೆ.

ಹೊಲ ನಡೆದು ಮಾಡುವ ಸಮೀಕ್ಷೆಯ ಕೆಲಸ ಶುರುವಾಗೋದು ಮೇಜಿನ ಮೇಲೆ. ಮೊದಲು ಗ್ರಾಮ ನಕಾಶೆ. ನಕಾಶೆಯಲ್ಲಿ ದೊಡ್ಡ ದೊಡ್ಡ ಸರ್ವೆ ನಂಬರುಗಳ ನಡುವೆ ಒಂದು ಕಡೆ ಚಿಕ್ಕ ಚಿಕ್ಕ ನಂಬರು ಗುಂಪಾಗಿದ್ದು, ನಾಲ್ಕಾರು ಬಂಡಿದಾರಿ ಬಯಲಲ್ಲೇ ಬಂದು ಕೂಡಿದ್ದರೆ ಅಲ್ಲಿ ಹಾಳೂರು ಇರುವ ಸಂಭವ ಜಾಸ್ತಿ. ಬೇಚಿರಾಕ್ (ಜನವಸತಿ ಇಲ್ಲದ) ಗ್ರಾಮಗಳ ಹೆಸರು ಕಂದಾಯ ದಾಖಲೆಯಲ್ಲಿ ಇನ್ನೂ ಇದೆ, ಅವನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ನಿಜಾಮರ ಕಾಲದ ಕಾಗದದಲ್ಲಿ ಇಸವಿ ಫಸಲಿಯಲ್ಲಿರುತ್ತದೆ, 590 ಕೂಡಿಸಿದರೆ ಸರಿಸುಮಾರು ಕ್ರಿಸ್ತಶಕ. ಊರಿಲ್ಲದ ಕಡೆ ಒಂಟಿ ಹನುಮಪ್ಪನ ಗುಡಿ, ಅದರ ಹತ್ತಿರ ಹಳೇ ಬಾವಿ ಇದ್ದರೆ ಅದನ್ನೂ ಸೇರಿಸಿ.

ಆಮೇಲೆ ಕೊರೋನಾ ಉಪಗ್ರಹ ಚಿತ್ರಗಳು (ರೋಗ ಅಲ್ಲ, ಅಮೆರಿಕದ ಗೂಢಚರ್ಯೆ ಉಪಗ್ರಹ). 1960ರ ದಶಕ ಮತ್ತು 70ರ ಆರಂಭದಲ್ಲಿ ತೆಗೆದವು, 1995ರಲ್ಲಿ ಬಹಿರಂಗವಾದವು. ಒಳ್ಳೆಯ ಚಿತ್ರಗಳಲ್ಲಿ ಎರಡು ಮೀಟರಿನಷ್ಟು ಚಿಕ್ಕದೂ ಕಾಣುತ್ತದೆ. ಸುರಪುರ, ಶಹಾಪುರದ ಕಡೆ ಇವುಗಳ ಬೆಲೆ ಹೆಚ್ಚು. ನಾರಾಯಣಪುರ ಕಾಲುವೆ ನೀರು ಬಂದ ಮೇಲೆ ಭತ್ತಕ್ಕಾಗಿ ನೆಲ ಸಮ ಮಾಡಿದ್ದಾರೆ, ಅದಕ್ಕೂ ಮುಂಚಿನ ದಿಬ್ಬ, ಒಡೆದ ಕೆರೆ ಏರಿ ಈ ಚಿತ್ರಗಳಲ್ಲಿ ಉಳಿದಿವೆ. ಹಳೇ ಟೋಪೋಶೀಟಿನಿಂದ (ಸರ್ವೆ ಇಲಾಖೆಯ ನಕಾಶೆ) ಅಕ್ಷಾಂಶ-ರೇಖಾಂಶ ನೇರ ಎತ್ತಿ ಜಿಪಿಎಸ್‌ಗೆ ಹಾಕಬೇಡಿ. ಭೂಮಿಯ ಆಕಾರವನ್ನು ಲೆಕ್ಕ ಹಾಕುವ ರೀತಿ ಎರಡರಲ್ಲೂ ಬೇರೆ: ಅವು ಎವರೆಸ್ಟ್ ಲೆಕ್ಕದವು, ಜಿಪಿಎಸ್ ಡಬ್ಲ್ಯುಜಿಎಸ್ 84ರದ್ದು. ಪರಿವರ್ತನೆ ಮಾಡದಿದ್ದರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಹೆಚ್ಚು ಜರುಗುತ್ತದೆ, ದಿಬ್ಬ ಬಿಟ್ಟು ಹಳ್ಳದಲ್ಲಿ ಹುಡುಕಬೇಕಾಗುತ್ತದೆ. ಮೀಟರಿನಲ್ಲಿ ಸ್ಥಳ ಗುರುತಿಸುವ ಯುಟಿಎಂ ಪದ್ಧತಿಯಲ್ಲಿ ನಮ್ಮ ಮೂರೂ ಜಿಲ್ಲೆಗೆ ವಲಯ 43 ಉತ್ತರ.

ಯಾವಾಗ ನಡೆಯಬೇಕು ಅನ್ನೋದು ಅರ್ಧ ಕೆಲಸ. ತೊಗರಿ ನಿಂತಾಗ ನೆಲ ಕಾಣೋದಿಲ್ಲ. ಕೊಯ್ದ ಮೇಲೆ ಉಳಿದ ಕೂಳೆ ಬೂಟಿನ ಅಟ್ಟೆಯನ್ನೇ ತೂರುತ್ತದೆ, ಜೊತೆಗೆ ಉಳುಮೆ ಆಗದ ನೆಲದಲ್ಲಿ ನಾವು ಹುಡುಕುವ ಹಳೇ ಮಡಕೆ ಚೂರುಗಳು ಧೂಳಿನ ಕೆಳಗೇ ಇರುತ್ತವೆ. ಮಾಗಿ ಉಳುಮೆ ಆಗಿ, ಭರಣಿಯೋ ಕೃತ್ತಿಕೆಯೋ ಮಳೆ ಒಂದೆರಡು ಸಲ ಹೊಯ್ದು ಹೆಂಟೆ ತೊಳೆದ ಮೇಲೆ, ಮಿರಗಕ್ಕೆ (ಮೃಗಶಿರಾ ಮಳೆಗೆ) ಬಿತ್ತನೆ ಶುರುವಾಗೋದರೊಳಗೆ ನಡೆದು ಮುಗಿಸಬೇಕು. ಬಿಸಿಲು 40 ದಾಟಿರುತ್ತದೆ, ಆದ್ದರಿಂದ ಬೆಳಗಿನ ಆರೂವರೆಯಿಂದ ಹತ್ತರವರೆಗೆ ಮಾತ್ರ. ಓರೆ ಬೆಳಕಿನಲ್ಲಿ ಚೂರಿನ ಅಂಚು ನೆರಳು ಹಾಕುತ್ತದೆ, ಹನ್ನೆರಡರ ಬಿಸಿಲಲ್ಲಿ ಎಲ್ಲ ಒಂದೇ ಬಣ್ಣ. ಮಳೆಯಾದ ಮರುದಿನ ಮಸಾರಿಯಲ್ಲಿ (ಕೆಂಪು ನೆಲ) ನಡೆಯಬಹುದು. ಎರೆಯಲ್ಲಿ (ಕಪ್ಪು ನೆಲ) ಎರಡು ಮೂರು ದಿನ ಕಾಯಲೇಬೇಕು, ಇಲ್ಲವಾದರೆ ಬೂಟಿಗೆ ಅಂಟಿದ ಮಣ್ಣನ್ನು ಕೆರೆಯೋದರಲ್ಲೇ ಬೆಳಗು ಕಳೆಯುತ್ತದೆ.

ಹತ್ತು ಮೀಟರಿಗೆ ಒಬ್ಬರಂತೆ ಸಾಲಾಗಿ ನಿಲ್ಲಬೇಕು. ಒಬ್ಬರ ಕಣ್ಣಿಗೆ ಎಡಕ್ಕೊಂದು ಬಲಕ್ಕೊಂದು ಮೀಟರ್ ಸರಿಯಾಗಿ ಕಾಣುತ್ತದೆ. ಅಂದರೆ ನೆಲದ ಐದನೇ ಒಂದು ಪಾಲನ್ನಷ್ಟೇ ನೋಡಿದಂತಾಯಿತು, ಈ ಮಾತನ್ನು ವರದಿಯಲ್ಲಿ ಬರೆಯಬೇಕು. ಬದುವಿನಿಂದ ಬದುವಿಗೆ ಒಂದು ಹೊಲ, ಒಂದು ಹಾಳೆ. ಹಾಳೆಯಲ್ಲಿ ಸರ್ವೆ ನಂಬರ್, ಮಣ್ಣು, ಬೆಳೆ, ಉಳುಮೆಯಾಗಿ ಎಷ್ಟು ದಿನ, ನೆಲ ಎಷ್ಟು ಕಾಣುತ್ತಿದೆ ಅನ್ನೋದಕ್ಕೆ ಹತ್ತಕ್ಕೆ ಇಷ್ಟು ಅಂಕ, ನಡೆದವರ ಹೆಸರು. ಹೆಸರು ಯಾಕೆಂದರೆ ಒಬ್ಬರ ಕಣ್ಣು ಚುರುಕು, ಇನ್ನೊಬ್ಬರದು ಮಂದ, ಆಮೇಲೆ ಲೆಕ್ಕ ಹೊಂದಿಸುವಾಗ ಬೇಕಾಗುತ್ತದೆ. ಚೂರುಗಳನ್ನೆಲ್ಲ ಎಣಿಸಿ, ಆದರೆ ಎತ್ತಬೇಡಿ. ಕಂಠ, ಬುಡ, ಬಣ್ಣ ಅಥವಾ ಕೊರೆತ ಇರುವ ಚೂರು ಮಾತ್ರ ಚೀಲಕ್ಕೆ. ಏನೂ ಸಿಗದ ಹೊಲಕ್ಕೂ ಹಾಳೆ ತುಂಬಿ 'ಸೊನ್ನೆ' ಬರೀಬೇಕು. ಇದನ್ನು ಯಾರೂ ಮಾಡೋದಿಲ್ಲ, ನನ್ನ ದೊಡ್ಡ ಜಗಳ ಇರೋದೂ ಇದರ ಮೇಲೆಯೇ. ಸೊನ್ನೆ ಬರೆಯದ ನಕಾಶೆಯಲ್ಲಿ ಖಾಲಿ ಜಾಗ ಅಂದರೆ ಅಲ್ಲಿ ಏನಿಲ್ಲವೋ, ಅಲ್ಲಿಗೆ ಯಾರೂ ಹೋಗಿಲ್ಲವೋ ತಿಳಿಯೋದಿಲ್ಲ.

ಚೂರು ದಟ್ಟವಾದ ಕಡೆ ಚೌಕ ಹಾಕಬೇಕು. ಹತ್ತು ಮೀಟರ್ ಚೌಕ ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ, ಹೊಲದವರಿಗೆ ಹೇಳೋದೂ ಸುಲಭ. ಪ್ರತಿ ಗುಂಟೆಯ ಎಣಿಕೆ ಬೇರೆ ಬೇರೆ ಬರೆದರೆ ಹಾಳೂರಿನ ಅಂಚು ತಾನಾಗಿ ಕಾಣಿಸುತ್ತದೆ. ಚೀಲಕ್ಕೆ ಎರಡು ಚೀಟಿ, ಒಳಗೊಂದು ಹೊರಗೊಂದು, ಪೆನ್ಸಿಲಿನಲ್ಲಿ. ಪ್ಲಾಸ್ಟಿಕ್ ಚೀಲಕ್ಕೆ ತೂತು ಮಾಡದಿದ್ದರೆ ಒಳಗೆ ಬೆವರಿ ಚೀಟಿಗೆ ಬೂಸು ಹಿಡಿಯುತ್ತದೆ.

ಇಷ್ಟು ಮಾಡಿದರೂ ಮೋಸ ಹೋಗುವ ದಾರಿಗಳಿವೆ, ಕೆಲವು ನಮ್ಮ ಸೀಮೆಗೇ ಖಾಸಾ. ತಿಪ್ಪೆ ಗೊಬ್ಬರದ ಜೊತೆ ಬೋಕಿ ಚೂರು ನೂರಾರು ವರ್ಷದಿಂದ ಹೊಲಕ್ಕೆ ಹೋಗಿವೆ. ಊರ ಸುತ್ತ ತೆಳ್ಳಗೆ, ಸಮನಾಗಿ ಹರಡಿದ್ದು, ತುಂಡು ಚಿಕ್ಕದಾಗಿ ಅಂಚು ಸವೆದಿದ್ದರೆ ಅದು ಗೊಬ್ಬರದ ಗುರುತು. ಅಲ್ಲಿ ಮನೆ ಇದ್ದವೆಂದು ಬರೆಯಬಾರದು. ಬೇಸಾಯ ಅಲ್ಲಿವರೆಗೆ ಹಬ್ಬಿತ್ತು ಅನ್ನೋದಕ್ಕೆ ಮಾತ್ರ ಅದು ಸಾಕ್ಷಿ. ಎರಡನೇದು ಹಾಳುಮಣ್ಣು. ಮಾಳಿಗೆ ಮನೆ ಮೇಲ್ಛಾವಣಿಗೂ ಹೊಲಕ್ಕೂ ದಿಬ್ಬದ ಬೂದಿಮಣ್ಣನ್ನು ಬಂಡಿಗಟ್ಟಲೆ ಹೇರಿದ್ದಾರೆ, ಮಣ್ಣಿನ ಜೊತೆ ಚೂರುಗಳೂ ಹೋಗಿವೆ. ಮೂರನೇದು ಕೆರೆ ಹೂಳು. ಒಂದು ಹೊಲದಲ್ಲಿ ಮಾತ್ರ ಚೂರು ಕಿಕ್ಕಿರಿದು, ಬದು ದಾಟಿದ ಕೂಡಲೇ ನಿಂತುಹೋದರೆ ಅನುಮಾನ ಪಡಬೇಕು. ಅಲ್ಲಿನ ಯಜಮಾನರನ್ನು ಕೇಳೋದೇ ಸರಿ: "ಕಾಕಾ, ಈ ಹೊಲಕ್ಕ ಹೊರಗಿನ ಮಣ್ಣ ಹೊಡೆಸಿರೇನ್ರಿ?" ಅರ್ಧ ನಿಮಿಷದ ಉತ್ತರದಲ್ಲಿ ತಪ್ಪು ನಕಾಶೆ ತಪ್ಪುತ್ತದೆ.

ನೆಲದ ಗುಣವೂ ಬೇರೆ ಬೇರೆ. ಎರೆ ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಚೂರು ಬಿರುಕಿನಲ್ಲಿ ಇಳಿಯುತ್ತದೆ, ಮಳೆಗೆ ಮಣ್ಣು ಉಬ್ಬಿದಾಗ ಕೆಳಗಿನದು ಏರುತ್ತದೆ. ಅದಕ್ಕೇ ಎರೆಹೊಲದ ಮೇಲೆ ಸಿಕ್ಕಿದ್ದರಿಂದ ಕೆಳಗಿನ ಪದರ ಸುಸ್ಥಿತಿಯಲ್ಲಿದೆ ಅನ್ನಲಾಗದು. ಬೀದರಿನ ಕೆಂಪು ನೆಲದಲ್ಲಿ ಕೆಂಪು ಮಡಕೆ ಚೂರು ಕಣ್ಣಿಗೇ ಬೀಳೋದಿಲ್ಲ, ಕಪ್ಪು ಚೂರು ಮಾತ್ರ ಬೀಳುತ್ತದೆ. ಬಣ್ಣದ ಲೆಕ್ಕ ಹಾಕಿ ಕಾಲ ಹೇಳುವವರು ಇಲ್ಲಿ ಮುಗ್ಗರಿಸುತ್ತಾರೆ. ಶಹಾಬಾದ, ಸೇಡಂ ಕಡೆ ಫರಸಿ ಬಂಡೆಯ ಮೇಲೆ ಮಣ್ಣು ತೆಳು, ದಿಬ್ಬ ಎತ್ತರವೇ ಆಗಿರೋದಿಲ್ಲ. ಅಲ್ಲಿ ಸುಣ್ಣದಕಲ್ಲಿನ ಗಣಿ ತೆಗೆದ ಮೇಲೆ ಪುನಃ ನೋಡುವ ಮಾತೇ ಇಲ್ಲ. ಹಾಗಾಗಿ ಎಲ್ಲಿಂದ ಶುರು ಅಂದರೆ, ನನ್ನ ಪ್ರಕಾರ, ಫರಸಿ ನೆಲದಿಂದ.

ಎಲ್ಲಕ್ಕಿಂತ ಕಷ್ಟದ್ದು ಕಾಲ ನಿರ್ಣಯ. ಸನ್ನತಿ, ಕನಗನಹಳ್ಳಿಯ ಶಾತವಾಹನರ ಕಾಲದ ಮಡಕೆಗಳನ್ನು ಕಂಡರೆ ಗುರುತು ಹಿಡಿಯಬಹುದು. 1347ರ ನಂತರದ ಬಹಮನಿ ಕಾಲಕ್ಕೆ ಮೆರುಗು ಹಚ್ಚಿದ ಪಿಂಗಾಣಿ, ಬಣ್ಣಬಣ್ಣದ ಗಾಜಿನ ಬಳೆ ಚೂರು ಇವೆ. ನಡುವಿನ ಸಾವಿರ ವರ್ಷದ ಸಾದಾ ಬೂದು, ಕಪ್ಪು, ಕೆಂಪು ಮಡಕೆಗಳನ್ನು ಎಲ್ಲರೂ 'ಮಧ್ಯಕಾಲೀನ' ಅಂತ ಒಂದೇ ಡಬ್ಬಿಗೆ ತುಂಬುತ್ತಾರೆ. ಆರನೇ ಶತಮಾನದ್ದೂ ಹನ್ನೆರಡನೇದೂ ಒಂದೇ ಡಬ್ಬಿ. ಇದಕ್ಕೆ ಮದ್ದು ಪದರ ಪದರವಾಗಿ ಅಗೆದು, ಇಂಗಾಲದ ಕಾಲಮಾಪನ ಮಾಡಿಸಿದ ಒಂದೆರಡು ಹಾಳೂರುಗಳ ಕಂಠದ ರೇಖಾಚಿತ್ರಗಳು. ಅಲ್ಲಿವರೆಗೆ ಸಮೀಕ್ಷೆಯವರು ಪ್ರತಿ ಕಂಠವನ್ನೂ ಅಳತೆಗೆ ಬರೆದಿಟ್ಟರೆ, ನಾಳೆ ಕಾಲ ಗೊತ್ತಾದಾಗ ಮತ್ತೆ ಹೊಲಕ್ಕೆ ಹೋಗುವ ಗರಜು ಬೀಳೋದಿಲ್ಲ. 'ರಾಷ್ಟ್ರಕೂಟರ ಮಡಕೆ' ಅಂತ ಹೊಲದಲ್ಲೇ ನಿಂತು ಘೋಷಿಸುವವರನ್ನು ನಾನಂತೂ ನಂಬೋದಿಲ್ಲ.

ಶಾಸನ ಬೇಡವೆಂದು ಹೇಳುತ್ತಿಲ್ಲ. ಅದನ್ನು ಹೊಲಕ್ಕೆ ಒಯ್ದು ಓದಬೇಕು ಅನ್ನುತ್ತಿದ್ದೇನೆ. ದಾನಶಾಸನದಲ್ಲಿ ಮೂಡ, ತೆಂಕ, ಪಡುವ, ಬಡಗ ಅಂತ ಎಲ್ಲೆ ಹೇಳುವಾಗ ಕೆರೆ, ಹಳ್ಳ, ಹಿರಿಯ ಬಟ್ಟೆ (ದೊಡ್ಡ ದಾರಿ), ನೆಟ್ಟ ಕಲ್ಲು ಬರುತ್ತವೆ. ನಕಾಶೆ ಹಿಡಿದು ಆ ಗಡಿಯಗುಂಟ ನಡೆದರೆ ಕೆಲವು ಇನ್ನೂ ಸಿಗುತ್ತವೆ. ಗಾಣದ ಕಲ್ಲು, ತೂಬಿನ ಕಲ್ಲು, ಕಬ್ಬಿಣದ ಕಿಟ್ಟ, ಎಲ್ಲಕ್ಕೂ ಬಿಂದು ಗುರುತಿಸಬೇಕು. ಆದರೆ ಇಷ್ಟು ಮತ್ತರ್ (ಶಾಸನಗಳಲ್ಲಿ ಬರುವ ನೆಲದ ಅಳತೆ) ಅಂದರೆ ಇಷ್ಟು ಎಕರೆ ಅಂತ ಒಂದೇ ಲೆಕ್ಕ ಹಿಡಿಯೋದು ತಪ್ಪು. ಅಳೆಯುವ ಗಳೆ ಊರೂರಿಗೆ ಬೇರೆ ಇತ್ತು. ಮತ್ತೆ, ಕಲ್ಲು ಈಗಿರುವ ಜಾಗ ಅದರ ಮೂಲ ಜಾಗವೇ ಅನ್ನೋದನ್ನು ಕೇಳಿ ತಿಳಿಯಬೇಕು. ಎಷ್ಟೋ ಕಲ್ಲು ಹೊಲದಿಂದ ಎತ್ತಿ ತಂದು ಹನುಮಪ್ಪನ ಕಟ್ಟೆಗೆ ನಿಲ್ಲಿಸಿದವು. ಅಕ್ಷರ ಕಾಣಲಿ ಅಂತ ಹಿಟ್ಟು, ಸುಣ್ಣ, ಚಾಕ್‌ಪೀಸ್ ತಿಕ್ಕಬೇಡಿ. ರಾತ್ರಿ ಕಲ್ಲಿನ ಒಂದು ಬದಿಯಿಂದ ಟಾರ್ಚನ್ನು ಬಹಳ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಎದ್ದು ಬರುತ್ತದೆ.

ಡ್ರೋನ್ ಬಗ್ಗೆ ಒಂದೇ ಮಾತು: ಅದರಿಂದ ದಿಬ್ಬದ ಆಕಾರ ಸಿಗುತ್ತದೆ, ಬೋಕಿ ಚೂರು ಎಣಿಸೋಕೆ ಬರೋದಿಲ್ಲ.

ಸನಿಕೆ ಮುಟ್ಟಬಾರದು. ಭಾರತೀಯ ಪುರಾತತ್ವ ಇಲಾಖೆಯ ಪರವಾನಗಿ ಇಲ್ಲದ ಉತ್ಖನನ ಕಾನೂನಿಗೆ ವಿರುದ್ಧ, ಹೊಲದ ಮೇಲ್ಮೈ ಅನ್ವೇಷಣೆಗೂ ಬರಹದಲ್ಲಿ ಅನುಮತಿ ಇರಲಿ, ಅದರ ಒಂದು ಪ್ರತಿ ಜೇಬಿನಲ್ಲಿರಲಿ. ಹೊಲದವರಿಗೆ ಹೇಳದೆ ಸಾಲುಗಟ್ಟಿ ನಡೆದರೆ ನಿಧಿ ಹುಡುಕಲು ಬಂದವರೆಂದೇ ತಿಳಿಯುತ್ತಾರೆ, ಅದು ಅವರ ತಪ್ಪೂ ಅಲ್ಲ. ನಿಧಿಗಳ್ಳರು ಲಿಂಗ ಕಿತ್ತು, ನಂದಿ ಉರುಳಿಸಿ ಅಗೆದ ಗುಂಡಿ ಎಷ್ಟು ಗುಡಿಗಳಲ್ಲಿಲ್ಲ!

ಅದಕ್ಕೇ ಫೇಸ್‌ಬುಕ್ಕಿಗೆ ಹಾಕುವಾಗ ತಾಲೂಕಿನ ಹೆಸರು ಸಾಕು, ಸರ್ವೆ ನಂಬರ್ ಮತ್ತು ಜಿಪಿಎಸ್ ಬಿಂದು ಬೇಡ. ಅವನ್ನು ಇಲಾಖೆಗೆ ಕೊಡಿ. ಫೋಟೊವನ್ನು ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದರೊಳಗಿನ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಉಳಿಯುತ್ತದೆ. ಇಲಾಖೆಗೆ ಎರಡನೇ ರೀತಿ, ಊರ ಗುಂಪುಗಳಿಗೆ ಮೊದಲನೇ ರೀತಿ.