ಆ ನಾಲಿಗೆ ಯಾರದು?

ಬ್ಯಾಂಡ್ ಟೀ-ಶರ್ಟ್ ಹಾಕಿಕೊಂಡು ಯಾರಾದರೂ ಒಂದು ಫೋಟೋ ಹಾಕಿದರೆ ಸಾಕು, ಕೆಳಗೆ ಒಬ್ಬರು ಮೇಷ್ಟ್ರು ಹಾಜರ್. "ಅವರ ಮೂರು ಹಾಡು ಹೇಳಿ ನೋಡೋಣ!" ಹಾಡು ಕೇಳದವರು ಆ ಚಿತ್ರ ತೊಡಬಾರದಂತೆ. ಈ ಪರೀಕ್ಷೆ ಕಂಡರೆ ನನಗೆ ಮೈ ಉರಿಯುತ್ತದೆ. ಯಾಕೆಂದರೆ ಎಷ್ಟೋ ಸಲ ಆ ಚಿತ್ರ ಬ್ಯಾಂಡಿನ ಸ್ವಂತದ್ದೂ ಅಲ್ಲ. ಅವರೂ ಎಲ್ಲಿಂದಲೋ ಎತ್ತಿಕೊಂಡು ಬಂದದ್ದೇ.

ಕಪ್ಪು ಬಟ್ಟೆ ಮೇಲೆ ಬೆಟ್ಟಸಾಲಿನ ಹಾಗೆ ಏರಿಳಿಯುವ ಬಿಳಿ ಗೆರೆಗಳ ಟೀ-ಶರ್ಟ್ ನೀವು ನೋಡಿಯೇ ಇರುತ್ತೀರಿ. 1979ರಲ್ಲಿ ಬಂದ, ಇಂಗ್ಲೆಂಡಿನ ಜಾಯ್ ಡಿವಿಷನ್ ತಂಡದ ಮೊದಲ ಆಲ್ಬಮ್ಮಿನ ಕವರ್ ಅದು. ಆ ಗೆರೆಗಳು ಒಂದು ನಕ್ಷತ್ರದ ಸಿಗ್ನಲ್. 1967ರಲ್ಲಿ ಜೋಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿ ಮೊಟ್ಟಮೊದಲ ಪಲ್ಸಾರ್, ಅಂದರೆ ತಾಳ ತಪ್ಪದೆ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ, ಪತ್ತೆ ಮಾಡಿದರು. ಅದೇ ಪಲ್ಸಾರಿನ ಮಿಡಿತಗಳನ್ನು ಹೆರಾಲ್ಡ್ ಕ್ರಾಫ್ಟ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಜೋಡಿಸಿ ತನ್ನ ಪಿಎಚ್‌ಡಿ ಪ್ರಬಂಧಕ್ಕೆ ಹಾಕಿಕೊಂಡರು. ಅಲ್ಲಿಂದ ಅದು ಖಗೋಳ ವಿಜ್ಞಾನದ ಒಂದು ವಿಶ್ವಕೋಶ ಸೇರಿತು. ಬ್ಯಾಂಡಿನವರು ಅಲ್ಲಿ ನೋಡಿ ಡಿಸೈನರ್ ಪೀಟರ್ ಸ್ಯಾವಿಲ್‌ಗೆ ಕೊಟ್ಟರು. ಬಿಳಿ ಕಾಗದದ ಮೇಲೆ ಕಪ್ಪಾಗಿದ್ದ ಗೆರೆಯನ್ನು ಸ್ಯಾವಿಲ್ ಕಪ್ಪಿನ ಮೇಲೆ ಬಿಳಿ ಮಾಡಿದರು, ಅಷ್ಟೇ. ಎದುರಿನ ಕವರ್ ಮೇಲೆ ತಂಡದ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಕ್ರಾಫ್ಟ್‌ಗೆ ಇದೆಲ್ಲ ಗೊತ್ತಾದದ್ದು ಆಮೇಲೆ, ಬೇರೆಯವರು ಹೇಳಿದ ಮೇಲೆ. ಮೂರು ಹಾಡಿನ ಪರೀಕ್ಷೆಯಲ್ಲಿ ಆ ಚಿತ್ರ ಮಾಡಿದವರೇ ಫೇಲ್ ಆಗುತ್ತಿದ್ದರೇನೋ!

ರೋಲಿಂಗ್ ಸ್ಟೋನ್ಸ್ ತಂಡದ ಕೆಂಪು ನಾಲಿಗೆಯ ಲೋಗೋ ಕಥೆ ಇನ್ನೂ ಸ್ವಾರಸ್ಯ. 1970ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದುತ್ತಿದ್ದ ಜಾನ್ ಪಾಶ್ ಅವರಿಗೆ ತಂಡದ ಗಾಯಕ ಮಿಕ್ ಜಾಗರ್ ಒಂದು ಚಿತ್ರ ತೋರಿಸಿದರು. ನಮ್ಮ ಕಾಳಿಯ ಚಿತ್ರ. ಕಾಳಿಯ ನಾಲಿಗೆಗೆ ಒಂದಲ್ಲ, ಎರಡು ಕಥೆ ಇವೆ. ರಕ್ತಬೀಜನ ರಕ್ತ ನೆಲಕ್ಕೆ ಬೀಳದಂತೆ ಹೀರಿದ ನಾಲಿಗೆ ಅದು. ಗಂಡನ ಎದೆ ತುಳಿದುಬಿಟ್ಟೆನಲ್ಲ ಎಂದು ನಾಚಿ ಕಚ್ಚಿಕೊಂಡ ನಾಲಿಗೆಯೂ ಅದೇ. ಪಾಶ್ ಬರೆದದ್ದು ಮೂರನೆಯದು, ದೊಡ್ಡವರನ್ನು ಅಣಕಿಸಿ ಓಡಿಹೋಗುವ ಪೋರನ ನಾಲಿಗೆ. ಕಣ್ಣು ಬಿಟ್ಟರು, ಮುಖ ಬಿಟ್ಟರು, ರುಂಡಮಾಲೆ ಬಿಟ್ಟರು. ಉಳಿದದ್ದು ತುಟಿ, ಹಲ್ಲು, ನಾಲಿಗೆ. ಕಾಳಿಯ ಸಿಟ್ಟು ಹೋಗಿ ಜಾಗರ್ ಅವರ ತುಂಟತನ ಬಂದು ಕೂತಿತು. ಪಾಶ್‌ಗೆ ಆಗ ಸಿಕ್ಕಿದ್ದು 50 ಪೌಂಡ್. 2008ರಲ್ಲಿ ಆ ಮೂಲ ಚಿತ್ರವನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಕೊಂಡುಕೊಂಡಿತು.

ದೇವಿಯ ನಾಲಿಗೆಯನ್ನು ಹೀಗೆ ಬಳಸಬಹುದಾ ಎಂದು ಕೆಲವರು ಕೇಳುತ್ತಾರೆ. ಕೇಳುವ ಪ್ರಶ್ನೆಯೇ. ನನಗೆ ಮಾತ್ರ ಎರವಲಿನ ಬಗ್ಗೆ ತಕರಾರಿಲ್ಲ. ಎಲ್ಲಿಂದ ತಂದೆ ಎಂಬುದನ್ನು ಪಾಶ್ ಮುಚ್ಚಿಟ್ಟಿಲ್ಲ. ತಂದದ್ದನ್ನು ಇದ್ದ ಹಾಗೆ ಅಂಟಿಸಲೂ ಇಲ್ಲ. ನನಗೆ ಅಷ್ಟು ಸಾಕು.

ಇದನ್ನೆಲ್ಲ ಹೇಳುವುದಕ್ಕೆ ಕಾರಣ ಇದೆ. ಈಗ ಹಾಡು ಶುರು ಮಾಡುವ ಹುಡುಗ ಹುಡುಗಿಯರಿಗೆ ಎಲ್ಲ ಕಡೆ ಒಂದೇ ಉಪದೇಶ. ಮೊದಲು ಬ್ರ್ಯಾಂಡ್ ಕಟ್ಟಿ. ಬಣ್ಣ ಆರಿಸಿ, ಫಾಂಟ್ ಆರಿಸಿ, ಲೋಗೋ ಮಾಡಿಸಿ, ಎಲ್ಲವೂ ಯೂನಿಕ್ ಆಗಿರಲಿ. ಆ "ಯೂನಿಕ್" ಎಂಬುದೇ ದಾರಿ ತಪ್ಪಿಸುತ್ತದೆ ಎಂದು ನನ್ನ ಅನಿಸಿಕೆ. ಯಾರೂ ಎಂದೂ ನೋಡಿರದ ಚಿಹ್ನೆಯನ್ನು ಯಾರು ಗುರುತು ಹಿಡಿಯುತ್ತಾರೆ? ಚಿಹ್ನೆಯ ಅರ್ಧ ಭಾಗ ನೋಡುವವರಿಗೆ ಮೊದಲೇ ಗೊತ್ತಿರಬೇಕು. ಇನ್ನರ್ಧ ಮಾತ್ರ ನಿಮ್ಮ ಚೇಷ್ಟೆ.

ಅಮೆರಿಕದ ಪಂಕ್ ರಾಕ್ ತಂಡ ರಾಮೋನ್ಸ್‌ನ ಲೋಗೋ ನೋಡಿ. ಅದನ್ನು ಮಾಡಿದ ಕಲಾವಿದ ಆರ್ಟುರೋ ವೇಗಾ ಎತ್ತಿಕೊಂಡದ್ದು ಅಮೆರಿಕದ ಅಧ್ಯಕ್ಷರ ಮುದ್ರೆಯನ್ನೇ. ಹದ್ದು ಹಾಗೇ ಇದೆ. ಅದರ ಕಾಲಿನಲ್ಲಿದ್ದ ಬಾಣಗಳು ಹೋಗಿ ಬೇಸ್‌ಬಾಲ್ ಬ್ಯಾಟ್ ಬಂತು, ಆಲಿವ್ ಕೊಂಬೆ ಹೋಗಿ ಸೇಬಿನ ಕೊಂಬೆ ಬಂತು. ಸುತ್ತಲೂ ಅಧ್ಯಕ್ಷ ಪದವಿಯ ಹೆಸರಿನ ಜಾಗದಲ್ಲಿ ಬ್ಯಾಂಡಿನವರ ಹೆಸರು. ಹರಿದ ಜೀನ್ಸ್ ತೊಟ್ಟು ಗಡಿಬಿಡಿಯಲ್ಲಿ ಹಾಡು ಮುಗಿಸುವ ಹುಡುಗರಿಗೆ ರಾಷ್ಟ್ರಾಧ್ಯಕ್ಷರ ಗತ್ತು! ಆ ತಮಾಷೆ ಅರ್ಥವಾಗಬೇಕಾದರೆ ಅಸಲಿ ಮುದ್ರೆ ಜನರ ತಲೆಯಲ್ಲಿ ಇರಲೇಬೇಕು ಅಲ್ವಾ?

ಅಮೆರಿಕದ ಗಾಯಕ ಪ್ರಿನ್ಸ್ ಕಥೆ ಇದಕ್ಕೆ ಉಲ್ಟಾ ಅಂತ ಯಾರಾದರೂ ಹೇಳಬಹುದು. 1993ರಲ್ಲಿ ಅವರು ತಮ್ಮ ಹೆಸರನ್ನೇ ಕೈಬಿಟ್ಟು ಒಂದು ಚಿಹ್ನೆ ಇಟ್ಟುಕೊಂಡರು. ಬಾಯಲ್ಲಿ ಹೇಳಲಿಕ್ಕೆ ಬರದು, ಟೈಪ್ ಮಾಡಲಿಕ್ಕೂ ಬರದು. ಪತ್ರಿಕೆಗಳಿಗೆ ಆ ಒಂದು ಅಕ್ಷರವನ್ನು ಫ್ಲಾಪಿಯಲ್ಲಿ ಹಾಕಿ ಕಳಿಸಬೇಕಾಯಿತು. ರೆಕಾರ್ಡ್ ಕಂಪನಿ ಜೊತೆಗಿನ ಜಗಳದಲ್ಲಿ ಅದೊಂದು ಭರ್ಜರಿ ಏಟು. ಆದರೂ ಆ ಚಿಹ್ನೆಯನ್ನು ಬಿಡಿಸಿ ನೋಡಿ. ಗಂಡು, ಹೆಣ್ಣು ಎಂದು ಸೂಚಿಸುವ ಹಳೆಯ ಗುರುತುಗಳೇ ಒಂದರೊಳಗೊಂದು ಸೇರಿಕೊಂಡಿವೆ. 2000ದಲ್ಲಿ ಅವರು ಮತ್ತೆ ಪ್ರಿನ್ಸ್ ಆದರು.

ಬಟ್ಟೆಬರೆಯಲ್ಲೂ ಇದೇ ಲೆಕ್ಕ. 1983ರ ಮೋಟೌನ್ 25 ಕಾರ್ಯಕ್ರಮದಲ್ಲಿ ಮೈಕೆಲ್ ಜಾಕ್ಸನ್ ಮೊದಲ ಸಲ ಟಿವಿಯಲ್ಲಿ ಮೂನ್‌ವಾಕ್ ಮಾಡಿದರು. ಸೌಂಡ್ ಮ್ಯೂಟ್ ಮಾಡಿ ಆ ವಿಡಿಯೋ ಒಮ್ಮೆ ನೋಡಿ. ಪ್ಯಾಂಟು ಗಿಡ್ಡ. ಕಾಲುಚೀಲ ಬಿಳಿ, ಅದೂ ಮಿಂಚುವಂಥದ್ದು. ಶೂ ಕಪ್ಪು. ಕತ್ತಲ ವೇದಿಕೆಯಲ್ಲಿ ನಿಮ್ಮ ಕಣ್ಣು ಬೇರೆಲ್ಲಿಗೆ ಹೋಗಲು ಸಾಧ್ಯ? ಸೀದಾ ಪಾದಕ್ಕೆ. ಕೈಯಲ್ಲೂ ಹಾಗೇ. ಎರಡೂ ಕೈಗೆ ಗ್ಲೌಸ್ ಹಾಕಿದ್ದರೆ ಅದು ಬರೀ ಉಡುಪು. ಒಂದೇ ಕೈಗೆ ಹಾಕಿದ್ದರಿಂದ ಆ ಕೈ ಹೋದಲ್ಲೆಲ್ಲ ನಮ್ಮ ನೋಟ ಹೋಗುತ್ತದೆ. ಫೆಡೋರಾ ಟೋಪಿ ಹಳೆಯ ಹಾಲಿವುಡ್ಡಿನ ಆಸ್ತಿ. ಇವತ್ತಿಗೂ ಟೋಪಿ, ಒಂದು ಗ್ಲೌಸು, ಗಿಡ್ಡ ಪ್ಯಾಂಟು ಇಷ್ಟನ್ನು ಬರೀ ನೆರಳಾಗಿ ತೋರಿಸಿದರೂ ಯಾರೆಂದು ಗೊತ್ತಾಗುತ್ತದೆ. ಬ್ರ್ಯಾಂಡಿಂಗ್ ಏಜೆನ್ಸಿಗಳು ಇದನ್ನೇ "ವಿಷುಯಲ್ ಐಡೆಂಟಿಟಿ" ಎಂದು ಮಾರುತ್ತವೆ. ಇಲ್ಲಿ ಅದು ಕುಣಿತದ ಒಳಗಿಂದಲೇ ಬಂದದ್ದು.

ಎರವಲು ತಂದದ್ದು ಕೆಲವೊಮ್ಮೆ ಬೇಡದ ನೆಂಟರನ್ನೂ ಕರೆತರುತ್ತದೆ. ಮುಖಕ್ಕೆ ಬಣ್ಣ ಬಳಿದುಕೊಂಡು ಹಾಡುತ್ತಿದ್ದ ಅಮೆರಿಕದ ಕಿಸ್ (KISS) ತಂಡದ ಲೋಗೋದ ಕೊನೆಯ ಎರಡು ಅಕ್ಷರ ಮಿಂಚಿನ ಆಕಾರದಲ್ಲಿವೆ. ಜರ್ಮನಿಯಲ್ಲಿ ಅವು ನಾಜಿ ಎಸ್‌ಎಸ್ ಪಡೆಯ ಗುರುತಿನ ಹಾಗೆ ಕಂಡವು. ಆ ಗುರುತಿಗೆ ಅಲ್ಲಿ ಕಾನೂನಿನ ನಿಷೇಧ ಇದೆ. ಹಾಗಾಗಿ ಅಲ್ಲಿಗೇ ಬೇರೆ ಲೋಗೋ ಮಾಡಬೇಕಾಯಿತು.

ಡಿಸ್ನಿಯ ಕಥೆಯಂತೂ ನಗು ತರಿಸುತ್ತದೆ. ಮೇಲೆ ಹೇಳಿದ ಪಲ್ಸಾರ್ ಗೆರೆಗಳನ್ನೇ ಮಿಕ್ಕಿ ಮೌಸ್ ತಲೆಯ ಆಕಾರಕ್ಕೆ ಬಗ್ಗಿಸಿ 2012ರಲ್ಲಿ ಅವರು ಟೀ-ಶರ್ಟ್ ತಂದರು. ಗಲಾಟೆ ಆಯ್ತು, ವಾಪಸ್ ತೆಗೆದುಕೊಂಡರು. ಎರಡು ವರ್ಷಕ್ಕೆ ಅದೇ ಡಿಸ್ನಿ, ದೊಡ್ಡ ಇಲಿಕಿವಿಯ ಹೆಲ್ಮೆಟ್ ಹಾಕುವ ಡೆಡ್‌ಮೌಸ್ ಎಂಬ ಡಿಜೆಯ ಟ್ರೇಡ್‌ಮಾರ್ಕ್ ಅರ್ಜಿಗೆ ಅಡ್ಡ ನಿಂತಿತು. ಇಲಿಕಿವಿ ನಮ್ಮದು ಎಂಬ ವಾದ. 2015ರಲ್ಲಿ ರಾಜಿ ಆಯಿತು. ತಾವು ಎತ್ತಿಕೊಂಡರೆ ಪ್ರೇರಣೆ, ಬೇರೆಯವರು ಎತ್ತಿಕೊಂಡರೆ ವಕೀಲರ ನೋಟಿಸ್!

ಇತ್ತೀಚಿನ ಉದಾಹರಣೆ ಬೇಕೆಂದರೆ ಇಂಗ್ಲೆಂಡಿನ ಗಾಯಕಿ ಚಾರ್ಲಿ ಎಕ್ಸ್‌ಸಿಎಕ್ಸ್ ಅವರ 2024ರ ಆಲ್ಬಮ್ "ಬ್ರ್ಯಾಟ್". ಕವರ್ ಎಂದರೆ ಕಣ್ಣಿಗೆ ಚುಚ್ಚುವ ಒಂದು ಹಸಿರು ಚೌಕ. ನಡುವೆ ಮಸುಕು ಮಸುಕಾದ, ಎಲ್ಲರ ಕಂಪ್ಯೂಟರಿನಲ್ಲೂ ಇರುವ ಏರಿಯಲ್ ಥರದ ಅಕ್ಷರ. ಮುಖ ಇಲ್ಲ. ಹೆಣ್ಣು ಕಲಾವಿದರ ಮುಖ, ಮೈ ಕವರ್ ಮೇಲೆ ಇರಲೇಬೇಕೆಂದು ಯಾಕೆ ಬಯಸುತ್ತೀರಿ ಎಂದು ಅವರೇ ತಿರುಗಿ ಕೇಳಿದರು. ಹಿಂದೆ ಎಲ್‌ಪಿ ಕವರ್ ಹನ್ನೆರಡು ಇಂಚಿನ ಚೌಕ. ಸಣ್ಣ ಸಣ್ಣ ವಿವರಗಳನ್ನು ಕೂತು ನೋಡಬಹುದಿತ್ತು. ಈಗ ಫೋನಿನಲ್ಲಿ ಉಗುರಿನಷ್ಟು ಜಾಗ. ಅಲ್ಲಿ ಈ ಹಸಿರು ದೂರದಿಂದಲೇ ಹೊಡೆದು ಕಾಣುತ್ತದೆ. ಜೊತೆಗೆ ಯಾರು ಬೇಕಾದರೂ ತಮ್ಮ ಪದ ಹಾಕಿ ಎರಡೇ ನಿಮಿಷಕ್ಕೆ ಇದರ ನಕಲು ಮಾಡಬಹುದಿತ್ತು, ಮಾಡಿದರು ಕೂಡ. ಜುಲೈ ಹೊತ್ತಿಗೆ ಕಮಲಾ ಹ್ಯಾರಿಸ್ ಪ್ರಚಾರ ತಂಡವೇ ತನ್ನ ಎಕ್ಸ್ ಪುಟಕ್ಕೆ ಅದೇ ಹಸಿರು ಬಳಿದುಕೊಂಡಿತ್ತು. ಚಂದ ಇಲ್ಲದಿರುವುದೇ ಅದರ ಚಂದ. ನನಗೆ ಆ ಬಣ್ಣ ಇಷ್ಟವಿಲ್ಲ, ಐಡಿಯಾ ಮಾತ್ರ ತುಂಬಾ ಇಷ್ಟ.

ಮುಖವಾಡದ ವಿಷಯಕ್ಕೆ ಬಂದರೆ ಮಾತ್ರ ನನಗೆ ಗೊಂದಲ. ರ‍್ಯಾಪರ್ ಎಂಎಫ್ ಡೂಮ್ ಮಾರ್ವೆಲ್ ಕಾಮಿಕ್ಸಿನ ಖಳನಾಯಕ ಡಾಕ್ಟರ್ ಡೂಮ್‌ನಿಂದ ಹೆಸರನ್ನೂ ಲೋಹದ ಮುಖವಾಡವನ್ನೂ ತೆಗೆದುಕೊಂಡರು. ನನ್ನ ಮುಖ ನೋಡಬೇಡಿ, ಹಾಡು ಕೇಳಿ ಎಂಬುದು ಅವರ ಮಾತಿನ ಸಾರ. ಆಮೇಲೆ ಕೆಲವು ಶೋಗಳಿಗೆ ಬೇರೆಯವರಿಗೆ ಮುಖವಾಡ ಹಾಕಿಸಿ ಕಳಿಸಿಬಿಟ್ಟರು! ದುಡ್ಡು ಕೊಟ್ಟು ಬಂದವರು ರೇಗಿದರು. ಕೂಗಾಡಿದರು. ರೇಗುವುದು ನ್ಯಾಯವೇ. ಆದರೂ ಚಿಹ್ನೆಯನ್ನೇ ಮೆಚ್ಚಿ ಬಂದವರಿಗೆ ಚಿಹ್ನೆಯನ್ನೇ ಕೊಟ್ಟೆ ಎಂಬ ಆ ಕೊಂಕಿನಲ್ಲಿ ಏನೋ ಸತ್ಯ ಇದೆ.

ಕಿಸ್ ತಂಡ ಅದನ್ನೇ ವ್ಯಾಪಾರವಾಗಿ ಮಾಡಿದೆ. ಏಸ್ ಫ್ರೇಲಿ ಮತ್ತು ಪೀಟರ್ ಕ್ರಿಸ್ ತಂಡ ಬಿಟ್ಟ ಮೇಲೆ ಅವರ ಮುಖದ ಬಣ್ಣವನ್ನು ಬೇರೆ ಇಬ್ಬರು ಹಚ್ಚಿಕೊಂಡು ವರ್ಷಗಟ್ಟಲೆ ನುಡಿಸಿದರು. 2023ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕೊನೆಯ ಶೋ ಮುಗಿದ ತಕ್ಷಣ ಪರದೆ ಮೇಲೆ ಅವರ ಡಿಜಿಟಲ್ ಅವತಾರಗಳು ಬಂದವು. ಮರುವರ್ಷ ಹಾಡು, ಹೆಸರು, ಮುಖಚಹರೆ ಎಲ್ಲವನ್ನೂ ಪಾಪ್‌ಹೌಸ್ ಎಂಬ ಸ್ವೀಡನ್ ಕಂಪನಿ ಕೊಂಡುಕೊಂಡಿತು. ಡೂಮ್ ಮಾಡಿದಾಗ ಮೋಸ ಎಂದರು. ಇಲ್ಲಿ ಮೊದಲೇ ಹೇಳಿ ಮಾಡುತ್ತಾರೆ, ಹಾಗಾಗಿ ಅದು ಶೋ. ಡೂಮ್ ಕಳಿಸಿದ ಆ ನಕಲಿ ಆಸಾಮಿಯಾದರೂ ವೇದಿಕೆ ಮೇಲೆ ಬೆವರುತ್ತಿದ್ದ. ಆಯ್ಕೆ ಕೊಟ್ಟರೆ ನಾನು ಅವನ ಶೋಗೇ ಹೋಗುತ್ತೇನೆ.