ಸಿಗ್ನಲ್ ಇಲ್ಲದಾಗಲೂ ನಡೆಯುವ ವೈರ್‌ಲೆಸ್ ಬೇಕು

ವೈರ್‌ಲೆಸ್ ಅಂದ ಕೂಡಲೇ ನಮ್ಮ ಮಾತು ಸ್ಪೀಡಿನ ಕಡೆಗೆ ತಿರುಗುತ್ತದೆ. 4ಜಿ ಆಯ್ತು, 5ಜಿ ಬಂತು, 6ಜಿ ಯಾವಾಗ? ಟೋಕಿಯೋದಲ್ಲಿ ಸಂಸಾರ ಹೂಡಿ ಹಲವು ವರ್ಷ ಆದ ಮೇಲೆ ನನಗೆ ಆ ಪ್ರಶ್ನೆಯಲ್ಲಿ ಆಸಕ್ತಿ ಕಡಿಮೆಯಾಗಿದೆ. ನಾನೀಗ ಕೇಳಿಕೊಳ್ಳುವುದು ಬೇರೆ. ಸಿಗ್ನಲ್ ಹೋದಾಗ ಏನೇನು ನಿಲ್ಲುತ್ತದೆ, ಏನೇನು ನಡೆಯುತ್ತದೆ? ಲೆಕ್ಕ ನಮ್ಮ ಕೈಯಲ್ಲಿರುವ ಚಿಪ್ಪಿನಲ್ಲಿ ನಡೆಯುತ್ತಿದೆಯೋ, ಎಲ್ಲೋ ದೂರದ ಸರ್ವರಿನಲ್ಲೋ? ಜಪಾನ್ ಮತ್ತು ನಮ್ಮ ದೇಶ ಈ ವಿಷಯದಲ್ಲಿ ಒಂದಕ್ಕೊಂದು ತೀರಾ ಬೇರೆ ದಾರಿ ಹಿಡಿದಿವೆ.

ಇಲ್ಲಿ ರೈಲು ಹತ್ತಲು ಸುಯಿಕಾ ಅನ್ನುವ ಕಾರ್ಡ್ ಇದೆ. 2001ರ ನವೆಂಬರಿನಲ್ಲಿ ಜೆಆರ್ ಈಸ್ಟ್ ಅನ್ನುವ ರೈಲ್ವೆ ಕಂಪನಿ ಇದನ್ನು ಶುರು ಮಾಡಿತು. ಒಳಗಿರುವುದು ಸೋನಿಯ ಫೆಲಿಕಾ ಚಿಪ್. ಇದೇ ಚಿಪ್ 1997ರಲ್ಲೇ ಹಾಂಗ್‌ಕಾಂಗಿನ ಆಕ್ಟೋಪಸ್ ಕಾರ್ಡಿನಲ್ಲಿ ಕೆಲಸ ಶುರು ಮಾಡಿತ್ತು. ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ತೆಳುವಾದ ತಂತಿಯ ಸುರುಳಿ ಒಂದಿದೆ, ಅಷ್ಟೇ. ಗೇಟಿನ ಹತ್ತಿರ ಹಿಡಿದಾಗ ಅಲ್ಲಿಂದ ಹೊಮ್ಮುವ 13.56 ಮೆಗಾಹರ್ಟ್ಸ್ ಅಲೆಯಿಂದಲೇ ಆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಚಿಪ್ ಎಚ್ಚರಗೊಳ್ಳುತ್ತದೆ. ಕಾರ್ಡೂ ಗೇಟೂ ಒಂದನ್ನೊಂದು ಅಸಲಿ ಹೌದೋ ಅಲ್ಲವೋ ಅಂತ ಪರೀಕ್ಷಿಸಿಕೊಳ್ಳುತ್ತವೆ. ಬಾಕಿ ಹಣ ಓದಿ, ಕಳೆದು, ಹೊಸ ಲೆಕ್ಕವನ್ನು ಕಾರ್ಡಿನಲ್ಲೇ ಬರೆದು ಮುಗಿಸುತ್ತವೆ. ಇಷ್ಟಕ್ಕೆಲ್ಲ 0.2 ಸೆಕೆಂಡ್. ಒಂದು ಗೇಟಿನಲ್ಲಿ ನಿಮಿಷಕ್ಕೆ 60 ಜನ ದಾಟಬೇಕು ಅನ್ನುವುದು ಅವರು ಹಾಕಿಕೊಂಡ ಷರತ್ತು. ಬೆಳಿಗ್ಗೆ ಶಿಂಜುಕು ಸ್ಟೇಷನ್ನಿನ ಜನಜಾತ್ರೆ ನೋಡಿದರೆ ಆ ಷರತ್ತು ಯಾಕೆ ಅಂತ ಗೊತ್ತಾಗುತ್ತದೆ.

ಈ ಕೆಲಸದಲ್ಲಿ ಅವರ ಶ್ರದ್ಧೆ ಎಂಥದ್ದು ಅನ್ನುವುದಕ್ಕೆ ಒಂದು ಸಂಗತಿ ಹೇಳಬೇಕು. ಕಾರ್ಡ್ ಬರುವ ಮುಂಚೆ ಪರೀಕ್ಷೆ ನಡೆಸಿದಾಗ ಎಷ್ಟೋ ಜನ ಗೇಟಿನಲ್ಲಿ ಸಿಕ್ಕಿಹಾಕಿಕೊಂಡರು. ಎಲ್ಲಿ ಹಿಡಿಯಬೇಕು, ಎಷ್ಟು ಹೊತ್ತು ಹಿಡಿಯಬೇಕು ಅಂತಲೇ ತಿಳಿಯುತ್ತಿರಲಿಲ್ಲ. ವಿನ್ಯಾಸಕಾರ ಶುಂಜಿ ಯಾಮಾನಾಕಾ ಬಗೆಬಗೆಯ ಮಾದರಿ ಮಾಡಿ, ಜನರನ್ನು ಓಡಾಡಿಸಿ ನೋಡಿದರು. ಕೊನೆಗೆ ಕಾರ್ಡ್ ತಟ್ಟುವ ಜಾಗವನ್ನು ನಮ್ಮ ಕಡೆಗೆ 13.5 ಡಿಗ್ರಿ ಓರೆ ಮಾಡಿದರು. ಆ ಓರೆಯಿಂದ ಕೈ ತಾನಾಗಿ ಸರಿಯಾದ ಜಾಗಕ್ಕೆ ಹೋಗಿ ಒಂದು ಕ್ಷಣ ನಿಲ್ಲುತ್ತದೆ. ರೇಡಿಯೋ ತಂತ್ರಜ್ಞಾನ ಎಷ್ಟೇ ಚೆನ್ನಾಗಿದ್ದರೂ ಜನರ ಕೈಗೆ ಒಗ್ಗುವಂತೆ ಮಾಡುವುದೇ ದೊಡ್ಡ ಕೆಲಸ. ನಾನು ಇಲ್ಲಿ ಬಂದು ಕಲಿತದ್ದರಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡುತ್ತೇನೆ.

ಮುಖ್ಯ ವಿಷಯ ಅಂದರೆ, ಆ 0.2 ಸೆಕೆಂಡಿನಲ್ಲಿ ಗೇಟು ಯಾವ ಬ್ಯಾಂಕನ್ನೂ ಕೇಳುವುದಿಲ್ಲ. ದುಡ್ಡಿನ ಲೆಕ್ಕ ಕಾರ್ಡಿನಲ್ಲೇ ಇದೆ, ಜೇಬಿನಲ್ಲಿರುವ ನೋಟಿನ ಹಾಗೆ. ಸರ್ವರಿಗೆ ವರದಿ ಆಮೇಲೆ ಹೋಗುತ್ತದೆ. ಫೋನಿನಲ್ಲಿರುವ ಸುಯಿಕಾ ಕೂಡ ಹಾಗೆಯೇ. ದುಡ್ಡು ತುಂಬಿಸುವಾಗ ನೆಟ್ ಬೇಕು, ತಟ್ಟುವಾಗ ಬೇಡ. ಕೆಲವು ಐಫೋನುಗಳಲ್ಲಂತೂ ಚಾರ್ಜ್ ಮುಗಿದು ಪರದೆ ಕಪ್ಪಾದ ಮೇಲೂ ಕೆಲವು ಗಂಟೆ ನಡೆಯುತ್ತದೆ.

ನಮ್ಮ ಯುಪಿಐ ಹಾಗಲ್ಲ. ಹತ್ತು ರೂಪಾಯಿ ಟೀ ಕುಡಿದರೂ ಸಾಮಾನ್ಯವಾಗಿ ನನ್ನ ಬ್ಯಾಂಕು, ಅಂಗಡಿಯವರ ಬ್ಯಾಂಕು, ನಡುವೆ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ಸರ್ವರು, ಎಲ್ಲವೂ ಆ ಗಳಿಗೆಯಲ್ಲೇ ಮಾತಾಡಿಕೊಳ್ಳಬೇಕು. 2016ರಲ್ಲಿ ಶುರುವಾದ ಈ ವ್ಯವಸ್ಥೆ 2023ರ ಆಗಸ್ಟಿನಲ್ಲಿ ಒಂದೇ ತಿಂಗಳಲ್ಲಿ ಸಾವಿರ ಕೋಟಿ ವಹಿವಾಟು ದಾಟಿತು. ಇದು ಸಣ್ಣ ಸಾಧನೆ ಅಲ್ಲ. ಅಷ್ಟು ದೂರ ಹೋಗಲು ಕಾರಣ ಅಂಗಡಿಯವರಿಗೆ ಬೇಕಾದದ್ದು ಒಂದು ಚೂರು ಕಾಗದ ಮಾತ್ರ. ಮಶೀನ್ ಕೊಳ್ಳಬೇಕಾಗಿಲ್ಲ. ಗಾಂಧಿ ಬಜಾರಿನಲ್ಲಿ ಹೂ ಮಾರುವವರೂ ಕ್ಯೂಆರ್ ಅಂಟಿಸಿಕೊಂಡು ಕೂರುತ್ತಾರೆ. ಹಣ ಬಂತು ಅಂತ ಪುಟ್ಟ ಡಬ್ಬಿ ಕನ್ನಡದಲ್ಲೇ ಕೂಗಿ ಹೇಳುತ್ತದೆ. ಓದು ಬರಹ ಇಲ್ಲದವರಿಗೂ ಲೆಕ್ಕ ಗೊತ್ತಾಗುತ್ತದೆ. ಇಂಥದ್ದು ಟೋಕಿಯೋದಲ್ಲಿ ನಾನು ನೋಡಿಲ್ಲ.

ಆ ಕ್ಯೂಆರ್ ಹುಟ್ಟಿದ್ದು ಜಪಾನಿನಲ್ಲೇ. 1994ರಲ್ಲಿ ಡೆನ್ಸೋ ಕಂಪನಿಯ ಮಾಸಾಹಿರೋ ಹಾರಾ ಮತ್ತು ಜೊತೆಯವರು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು. ಅದನ್ನು ಬೀದಿ ಬದಿಯ ವ್ಯಾಪಾರಕ್ಕೆ ಇಷ್ಟು ಅಗ್ಗವಾಗಿ, ಇಷ್ಟು ದೊಡ್ಡದಾಗಿ ಬಳಸಿದ ಜಾಣತನ ಮಾತ್ರ ನಮ್ಮಂಥ ದೇಶಗಳದು. ಜಪಾನಿನ ದಾರಿಯಲ್ಲಿ ಇಲ್ಲದ್ದು ಈ ಅಗ್ಗವೇ. ಕಾರ್ಡ್ ಓದುವ ಮಶೀನಿಗೆ ದುಡ್ಡು ಬೇಕು, ಅದನ್ನು ಆಗಾಗ ಬದಲಿಸಲೂ ದುಡ್ಡು ಬೇಕು. ಗಲ್ಲಿಯ ಎಷ್ಟೋ ಸಣ್ಣ ಹೋಟೆಲುಗಳು ಈಗಲೂ ನಗದು ಮಾತ್ರ ಅನ್ನುತ್ತವೆ. 2024ರಲ್ಲಿ ದಕ್ಷಿಣ ಜಪಾನಿನ ಕುಮಾಮೊಟೊದ ಬಸ್ಸು, ರೈಲು ನಡೆಸುವ ಐದು ಸಂಸ್ಥೆಗಳು ಸುಯಿಕಾದಂಥ, ದೇಶದ ತುಂಬ ನಡೆಯುವ ಕಾರ್ಡುಗಳನ್ನೇ ಕೈಬಿಟ್ಟವು. ಹಳೆ ಯಂತ್ರ ತೆಗೆದು ಅದೇ ಥರದ ಹೊಸದು ಹಾಕುವುದಕ್ಕಿಂತ ಕ್ರೆಡಿಟ್ ಕಾರ್ಡ್ ತಟ್ಟುವ ಯಂತ್ರ ಹಾಕಿದರೆ ಖರ್ಚು ಹೆಚ್ಚುಕಮ್ಮಿ ಅರ್ಧ ಆಗುತ್ತಿತ್ತು. ಊರು ಸಣ್ಣದಾದಷ್ಟೂ ಆ ಖರ್ಚು ಭಾರ.

ಹಾಗಾದರೆ ನಮ್ಮದೇ ಸರಿ ಅನ್ನಬಹುದು. ನಮ್ಮೂರಿಗೆ ಹೋದಾಗ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ನಮ್ಮದು ಕೊಪ್ಪದ ಕಡೆಯ ಹಳ್ಳಿ. ಆಷಾಢದ ಮಳೆಗೆ ಮರ ಬಿದ್ದು ಕರೆಂಟು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಅಪ್ಪ ಬಿಪಿ ಮಾತ್ರೆ ಹಿಡಿದು ನಿಂತಿರುತ್ತಾರೆ. ಫೋನಿನಲ್ಲಿ ಸುತ್ತುವ ಚಕ್ರ ನಿಲ್ಲುವುದೇ ಇಲ್ಲ. "ಬರ್ಕೊಳ್ತೀನಿ ಬಿಡಿ ಮಾಷ್ಟ್ರೇ, ಆಮೇಲೆ ಕೊಟ್ರಾಯ್ತು" ಅನ್ನುತ್ತಾರೆ ಅಂಗಡಿಯವರು. ಗುರುತಿನವರಿಗೆ ಸರಿ. ಎಸ್ಟೇಟಿಗೆ ಕೂಲಿಗೆ ಬಂದ ಹೊರಗಿನವರಿಗೆ ಹಾಗೆ ಬರೆದುಕೊಳ್ಳುವವರು ಯಾರು? ಅವರ ಕೂಲಿಯೂ ಈಗ ಫೋನಿಗೇ ಬರುತ್ತದೆ. ಮಳೆ ನಿಂತು ಟವರು ಏಳುವವರೆಗೆ ಅವರ ದುಡ್ಡು ಅವರದಲ್ಲ. ಇದು ಹಳ್ಳಿಯ ತೊಂದರೆ ಮಾತ್ರವೂ ಅಲ್ಲ. 2025ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ದೇಶದ ತುಂಬ ಯುಪಿಐ ಕೈಕೊಟ್ಟ ದಿನಗಳು ನೆನಪಿರಬೇಕು, ಅಲ್ವಾ?

ಜಪಾನಿನಲ್ಲೂ ನೆಟ್‌ವರ್ಕ್ ಬೀಳುತ್ತದೆ. 2022ರ ಜುಲೈ 2ರಂದು ಕೆಡಿಡಿಐ ಅನ್ನುವ ಫೋನ್ ಕಂಪನಿಯ ಜಾಲ ಕುಸಿದು, ಸರಿಹೋಗಲು ಮೂರು ದಿನದ ಹತ್ತಿರ ಹಿಡಿಯಿತು. ಕೋಟಿಗಟ್ಟಲೆ ಫೋನುಗಳಿಗೆ ತೊಂದರೆ. 2011ರ ಮಾರ್ಚ್ 11ರ ಭೂಕಂಪದಲ್ಲಿ ಎಲ್ಲರೂ ಒಟ್ಟಿಗೆ ಮನೆಗೆ ಫೋನ್ ಮಾಡಲು ಹೋದಾಗ ಕಂಪನಿಗಳೇ ಶೇಕಡ 70ರಿಂದ 95ರಷ್ಟು ಕರೆಗಳನ್ನು ತಡೆಯಬೇಕಾಯಿತು. ಇಲ್ಲಿನವರು ಅದರಿಂದ ಪಾಠ ಕಲಿತರು. ಡೊಕೊಮೊ ದೇಶದ 104 ಕಡೆ, ಸುತ್ತಲಿನ ಏಳು ಕಿಲೋಮೀಟರಿಗೆ ಸಾಕಾಗುವ ದೊಡ್ಡ ಟವರುಗಳನ್ನು ಆಪತ್ತಿಗೆಂದೇ ಕಟ್ಟಿತು. ಎಷ್ಟೋ ಟವರುಗಳಿಗೆ 24 ಗಂಟೆ ನಡೆಯುವ ಬ್ಯಾಟರಿ ಕೊಟ್ಟಿತು. ದೊಡ್ಡ ಅನಾಹುತ ಆದಾಗ ಕಂಪನಿಗಳು ಒಂದಾಗಿ, ಒಂದೇ ಹೆಸರಿನಲ್ಲಿ, ಪಾಸ್‌ವರ್ಡ್ ಇಲ್ಲದ ವೈಫೈ ತೆರೆಯುತ್ತವೆ. 2016ರ ಕುಮಾಮೊಟೊ ಭೂಕಂಪದಲ್ಲಿ ಅದು ಜನರಿಗೆ ಸಿಕ್ಕಿತು.

ಭೂಕಂಪದ ಎಚ್ಚರಿಕೆಯೂ ಹೀಗೆ ಯೋಚಿಸಿ ಮಾಡಿದ್ದು. ಎಸ್ಸೆಮ್ಮೆಸ್ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಹೋಗುತ್ತದೆ, ಜನ ಜಾಸ್ತಿಯಾದರೆ ಸಿಕ್ಕಿಕೊಳ್ಳುತ್ತದೆ. ಸೆಲ್ ಬ್ರಾಡ್‌ಕಾಸ್ಟ್ ಹಾಗಲ್ಲ. ಟವರು ಒಂದೇ ಸಲ ಹೇಳುತ್ತದೆ, ಸುತ್ತಲಿನ ಫೋನುಗಳೆಲ್ಲ ಕೇಳಿಸಿಕೊಳ್ಳುತ್ತವೆ. ನಂಬರೂ ಬೇಡ, ಆ್ಯಪೂ ಬೇಡ. ಇಲ್ಲಿ 2007ರಿಂದ ಇದೆ. ರಾತ್ರಿ ಮನೆಯವರೆಲ್ಲರ ಫೋನೂ ಒಟ್ಟಿಗೆ ಅರಚಿಕೊಂಡಾಗ ಮಗುವನ್ನು ಎತ್ತಿಕೊಂಡು ಮೇಜಿನ ಕೆಳಗೆ ಹೋಗಲು ಕೆಲವೇ ಸೆಕೆಂಡು ಸಿಗುತ್ತದೆ. ಆ ಕೆಲವು ಸೆಕೆಂಡಿನ ಬೆಲೆ ಇಲ್ಲಿ ಬದುಕಿದವರಿಗೆ ಗೊತ್ತು.

2023ರಲ್ಲಿ ಭಾರತದಲ್ಲೂ ಇದರ ಪರೀಕ್ಷೆ ಆಯ್ತು. ಕರ್ನಾಟಕದ ಫೋನುಗಳೂ ಬಡಿದುಕೊಂಡವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯಲ್ಲಿದ್ದವರ ಜೀವ ಹೋಯಿತು. ಸುದ್ದಿ ಓದುತ್ತಾ ನನಗೆ ಕೈಕಾಲು ಆಡಲಿಲ್ಲ. ಯಾವ ಗುಡ್ಡ ಯಾವ ಗಳಿಗೆಯಲ್ಲಿ ಜಾರುತ್ತದೆ ಅಂತ ಯಾರೂ ಹೇಳಲಾರರು, ನಿಜ. ಆದರೆ ಎಷ್ಟು ಮಳೆ ಬಿದ್ದಿದೆ, ಮಣ್ಣು ಎಷ್ಟು ನೀರು ಕುಡಿದಿದೆ ಅನ್ನುವ ಲೆಕ್ಕದ ಮೇಲೆ ಜಪಾನಿನಲ್ಲಿ ಊರೂರಿಗೆ ಎಚ್ಚರಿಕೆ ಕೊಡುತ್ತಾರೆ. ಈ ದಾರಿಯಲ್ಲಿ ಇವತ್ತು ಗಾಡಿ ನಿಲ್ಲಿಸಬೇಡಿ ಅಂತ ಕನ್ನಡದಲ್ಲೂ, ದೂರದ ಲಾರಿ ಡ್ರೈವರುಗಳಿಗಾಗಿ ಹಿಂದಿ, ಮಲಯಾಳಂಗಳಲ್ಲೂ ಹೇಳುವುದು ಆಗದ ಕೆಲಸವೇನಲ್ಲ.

ಇನ್ನು ಕಂಪ್ಯೂಟರಿನ ಮಾತು. ಟೋಕಿಯೋ ವಿಶ್ವವಿದ್ಯಾಲಯದ ಕೆನ್ ಸಾಕಾಮುರಾ 1984ರಲ್ಲೇ ಟ್ರಾನ್ ಅನ್ನುವ ಯೋಜನೆ ಶುರು ಮಾಡಿದರು. ಮುಂದೆ ಗೋಡೆ, ದೀಪ, ಒಲೆ, ಗಾಡಿ, ಎಲ್ಲದರೊಳಗೂ ಸಣ್ಣ ಕಂಪ್ಯೂಟರುಗಳು ಇರುತ್ತವೆ ಅನ್ನುವುದು ಅವರ ಎಣಿಕೆ. ಅವರ ಪುಟ್ಟ ಆಪರೇಟಿಂಗ್ ಸಿಸ್ಟಮ್ ಕ್ಯಾಮೆರಾ, ಕಾರುಗಳಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಾ ಬಂದಿದೆ. ಆ ಎಣಿಕೆ ನಿಜವಾಯಿತು. ಆದರೆ ಈಗಿನ ಎಷ್ಟೋ ಸ್ಮಾರ್ಟ್ ದೀಪಗಳು ನೆಟ್ ಹೋದರೆ ಫೋನಿನ ಮಾತು ಕೇಳುವುದಿಲ್ಲ. ಅದೇ ಕೋಣೆಯಲ್ಲಿರುವ ಫೋನಿನಿಂದ ಹೊರಟ ಅಪ್ಪಣೆ ಯಾವುದೋ ದೇಶದ ಸರ್ವರಿಗೆ ಹೋಗಿ ವಾಪಸ್ ಬರಬೇಕು. ಇದು ನನಗೆ ಮುಂದುವರಿದ ತಂತ್ರಜ್ಞಾನ ಅನ್ನಿಸುವುದಿಲ್ಲ.

ಜೆಆರ್ ಈಸ್ಟ್ ಕೂಡ ಈಗ ಸರ್ವರಿನ ಕಡೆಗೆ ವಾಲುತ್ತಿದೆ. ಕಾರ್ಡಿನಲ್ಲಿ ಇಡಬಹುದಾದ ಹಣದ 20,000 ಯೆನ್ ಮಿತಿಯನ್ನು ದಾಟುವುದು, ಕೋಡ್ ತೋರಿಸಿ ದುಡ್ಡು ಕೊಡುವುದು, ಮುಂದೆ ತಟ್ಟದೆಯೇ ಗೇಟು ದಾಟುವುದು, ಇವೆಲ್ಲ 2024ರ ಡಿಸೆಂಬರಿನಲ್ಲಿ ಅವರು ಹೇಳಿದ ಯೋಜನೆಗಳು. ಅನುಕೂಲ ಇದೆ, ಬೇಡ ಅನ್ನುವುದಿಲ್ಲ. ಕಾರ್ಡಿನೊಳಗಿನ ಲೆಕ್ಕವನ್ನು ಮಾತ್ರ ತೆಗೆದುಹಾಕಬಾರದು ಅಂತ ಇಲ್ಲಿನ ಗೆಳೆಯರ ಜೊತೆ ವಾದ ಮಾಡುತ್ತಿರುತ್ತೇನೆ.

ನಮ್ಮಲ್ಲಿ ಬೇಕಾದ ಸಾಮಾನೆಲ್ಲ ಆಗಲೇ ಇದೆ. ದೇಶದ ಮೆಟ್ರೋ, ಬಸ್ಸುಗಳಿಗೆಲ್ಲ ಒಂದೇ ಇರಲಿ ಅಂತ 2019ರಲ್ಲಿ ತಂದ ಎನ್‌ಸಿಎಂಸಿ ಕಾರ್ಡಿನಲ್ಲಿ 2,000 ರೂಪಾಯಿವರೆಗೆ ಚಿಪ್ಪಿನಲ್ಲೇ ಇಡಬಹುದು. ನಮ್ಮ ಮೆಟ್ರೋದಲ್ಲಿ ಅದು ನಡೆಯುತ್ತದೆ. ನೆಟ್ ಇಲ್ಲದ ಎರಡು ಫೋನುಗಳನ್ನು ಹತ್ತಿರ ತಂದು ಹಣ ಕೊಡುವ ಯುಪಿಐ ಲೈಟ್ ಎಕ್ಸ್ 2023ರಲ್ಲೇ ಬಂದಿದೆ. ತೊಡಕು ಇರುವುದು ಫೋನಿನಲ್ಲಿ. ಇದಕ್ಕೆ ಹತ್ತಿರ ಹಿಡಿದಾಗ ಮಾತಾಡಿಕೊಳ್ಳುವ ಎನ್‌ಎಫ್‌ಸಿ ಅನ್ನುವ ರೇಡಿಯೋ ಚಿಪ್ ಬೇಕು, ನಮ್ಮ ಅಗ್ಗದ ಫೋನುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಕ್ಯಾಮೆರಾ ನಾಲ್ಕು ಇರುತ್ತವೆ, ಎನ್‌ಎಫ್‌ಸಿ ಒಂದು ಇರುವುದಿಲ್ಲ! ಸರ್ಕಾರ ಇಲ್ಲಿ ಒತ್ತಡ ಹಾಕಬೇಕು. ಕನ್ನಡದ ಅನುವಾದವನ್ನು ಡೌನ್‌ಲೋಡ್ ಮಾಡಿಟ್ಟುಕೊಂಡು ನೆಟ್ ಇಲ್ಲದೆ ಬಳಸುವಷ್ಟು ಶಕ್ತಿ ಈಗಿನ ಫೋನಿಗಿದೆ. ಮಾತ್ರೆಯ ದುಡ್ಡಿನ ಲೆಕ್ಕ ಅದಕ್ಕೆ ಯಾವ ಮಹಾ?

ಮಲೆನಾಡಿಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಮೆಡಿಕಲ್ ಶಾಪ್, ನ್ಯಾಯಬೆಲೆ ಅಂಗಡಿ, ಹಳ್ಳಿ ಬಸ್ಸು, ಈ ಮೂರು ಕಡೆ ಚಿಪ್ಪಿನಲ್ಲಿರುವ ಹಣ ಓದುವ ಯಂತ್ರವನ್ನು ಸರ್ಕಾರದ ಖರ್ಚಿನಲ್ಲೇ ಇಡಬೇಕು, ಯಾಕೆಂದರೆ ಕುಮಾಮೊಟೊದಲ್ಲಿ ಸೋತದ್ದು ಖರ್ಚಿನ ಹತ್ತಿರವೇ. ಗೋಡೆಯ ಕ್ಯೂಆರ್ ಹಾಗೇ ಇರಲಿ. ಘಟ್ಟದ ಟವರುಗಳಿಗೆ ಒಂದು ಹಗಲು ಒಂದು ರಾತ್ರಿ ತಡೆಯುವ ಬ್ಯಾಟರಿ ಇರಲೇಬೇಕು ಅಂತ ನಿಯಮ ಆಗಬೇಕು. ಇದೆಲ್ಲ ಮುಂಗಾರಿಗೆ ಮುಂಚೆ, ಮೇ ತಿಂಗಳೊಳಗೆ ಆಗಬೇಕು.